ಬಬಲೇಶ್ವರ ಮುಟ್ಟಿ ಬಂದ ಮಿಸ್ತ್ರಿಯ ಪಿಕಪ್ಪು

ಹೋಗಿ ಬಂತು! ತಿಕೋಟಾದಿಂದ ಹೊರಟು ಬಬಲೇಶ್ವರ ಮುಟ್ಟಿ, ನಿನ್ನೆ ಹೊತ್ತು ಮುಳುಗುವ ಮೊದಲೇ ತಿರುಗಿ ತಿಕೋಟಾಕ್ಕೆ ಬಂತು. ಎತ್ತು ಹೂಡಲಿಲ್ಲ, ಯಾರೂ ತಳ್ಳಲಿಲ್ಲ, ಹೋದ ನಾಲ್ಕೂ ಗಾಲಿ ಹಾಗೆಯೇ ತಿರುಗಿ ಬಂದವು. ಮಿಸ್ತ್ರಿಯ ಪಿಕಪ್ಪು ಈಗ ನಮ್ಮ ಕುಲುಮೆಯ ಮುಂದೆ ನಿಂತಿದೆ. ಇವತ್ತು ಎದ್ದ ಕೂಡಲೇ ಮುಖ ತೊಳೆಯುವ ಮೊದಲು ಹೊರಗೆ ಹೋಗಿ ಮುಟ್ಟಿ ನೋಡಿದೆ. ಕನಸಲ್ಲ, ಇದೆ. ನನಗೆ ಮೂರು ಮೊಮ್ಮಕ್ಕಳು. ಮೂವರೂ ಹುಟ್ಟಿದಾಗ ಓಣಿಗೆಲ್ಲ ಸಕ್ಕರೆ ಹಂಚಿದವಳು ನಾನು. ನಿನ್ನೆ ನಾಲ್ಕನೆಯ ಸಲ ಹಂಚಿದೆ. ಈ ಸಂತೋಷ ನನ್ನೊಬ್ಬಳ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಎರಡನೆಯ ಇಯತ್ತೆವರೆಗೆ ಸಾಲಿ ಕಲಿತವಳು, ಅಕ್ಷರ ಸೊಟ್ಟ ಇದ್ದರೆ ಇರಲಿ.

ಆದರೆ ಪಿಕಪ್ಪಿನ ಸುದ್ದಿ ಹೇಳಬೇಕಾದರೆ ಮಿಸ್ತ್ರಿಯ ಹಲ್ಲಿನಿಂದ ಶುರು ಮಾಡಬೇಕು. ಅವನ ಮುಂದಿನ ಎರಡು ಹಲ್ಲು ಸವೆದು, ಅವು ಕೂಡುವಲ್ಲಿ ಗುಂಡನೆಯ ಸಂದು ಬಿದ್ದಿತ್ತು. ಒಂದು ಉಕ್ಕಿನ ಸರಳು ಆ ಸಂದಿನಲ್ಲಿ ಸರಿಯಾಗಿ ಕೂರುತ್ತಿತ್ತು. ಯಾವ ಮೋಟಾರು ಬಂದರೂ ಅವನು ಮೊದಲು ಬಾನೆಟ್ಟು ಎತ್ತುವನು, ಸರಳಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತುವನು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚುವನು, ಎರಡೂ ಕಿವಿಗೆ ಬೆರಳು ತುರುಕಿ ಕಣ್ಣು ಮುಚ್ಚಿಬಿಡುವನು. ಇಂಜಿನ್ನಿನ ಒಳಗಿನ ಸದ್ದು ಹಲ್ಲಿನಿಂದ ನೇರ ತಲೆಗೆ ಬರುತ್ತದೆ ಎನ್ನುತ್ತಿದ್ದ. ಮೊದಲ ಸಲ ಇದನ್ನು ಕಂಡಾಗ ನಮ್ಮ ಯಜಮಾನರು ಕೈಯಲ್ಲಿದ್ದ ಇಕ್ಕಳ ಬಿಟ್ಟು ನನ್ನನ್ನು ಕರೆದರು.

"ಏ, ಬಾ ಇಲ್ಲಿ. ಆ ಮಿಸ್ತ್ರಿ ಮೋಟಾರ ತಿನ್ನಾಕತ್ತಾನ ನೋಡು!"

ಅವನು ಬಿಜಾಪುರದ ಗ್ಯಾರೇಜುಗಳಲ್ಲಿ ಕೆಲಸ ಕಲಿತು ಬಂದವನು. ಹುಟ್ಟಿದ್ದು ಬಬಲೇಶ್ವರದಲ್ಲಿ, ಅಲ್ಲಿ ಹೊಲವಿತ್ತು, ಒಬ್ಬ ತಮ್ಮನಿದ್ದ. ಹೊಲ ತಮ್ಮನಿಗೆ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ತಿಕೋಟಾಕ್ಕೆ ಬಂದು, ನಮ್ಮ ಕುಲುಮೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿದ. ಬಾವಿಯ ನೀರೆತ್ತುವ ಇಂಜಿನ್ನು, ದಾರಿಯಲ್ಲಿ ಕೆಟ್ಟ ಲಾರಿ, ಹಿಟ್ಟಿನ ಗಿರಣಿ, ಏನು ಬಂದರೂ ಬೇಡ ಎಂದವನಲ್ಲ. ನನ್ನನ್ನು "ಯಕ್ಕಾ" ಎಂದು ಕರೆಯುತ್ತಿದ್ದ, ನಮ್ಮ ಯಜಮಾನರನ್ನು "ಮಾವಾರ" ಎನ್ನುತ್ತಿದ್ದ. ನಾನು "ತಮ್ಮಾ" ಎನ್ನುತ್ತಿದ್ದೆ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಹೊಸ ಪೈಸೆ ಬಂದ ಕಾಲ, ಒಂದು ಮಧ್ಯಾಹ್ನ ಬಿಜಾಪುರದ ಕಡೆಯಿಂದ ಎರಡು ಜೋಡಿ ಎತ್ತು ಒಂದು ವಿಚಿತ್ರ ವಸ್ತುವನ್ನು ಎಳೆದುಕೊಂಡು ಬಂದವು. ಲಡಾಯಿ ಕಾಲದ ಮಿಲಿಟರಿ ಪಿಕಪ್ಪು. ಕೋಟೆ ಗೋಡೆಯ ಹೊರಗೆ ಎಷ್ಟೋ ವರ್ಷದಿಂದ ಮಳೆ ಬಿಸಿಲಿಗೆ ಬಿದ್ದಿತ್ತಂತೆ. ಡ್ರೈವರ್ ಕೂರುವಲ್ಲಿ ಹಾವಿನ ಪೊರೆ. ಹಿಂದಿನ ಹಲಗೆಗಳು ಗೆದ್ದಲು ತಿಂದು ಪುಡಿಯಾಗಿ, ಅಲ್ಲಿ ಮೊಣಕಾಲೆತ್ತರದ ಬೇವಿನ ಸಸಿ. ಎತ್ತಿನ ಮುಂದೆ ನಮ್ಮ ಮಿಸ್ತ್ರಿ, ಮದುವೆ ಮೆರವಣಿಗೆಯ ವರನ ಹಾಗೆ ನಗುತ್ತಾ ನಡೆದು ಬರುತ್ತಿದ್ದ.

"ತಮ್ಮಾ, ಇದೇನೋ ಇದು?"

"ಮೋಟಾರ ಯಕ್ಕಾ."

"ಮೋಟಾರ ಇತ್ತು ಅನ್ನು."

"ಇತ್ತು ಅಲ್ಲ, ಐತಿ. ಮಲಗೈತಿ ಅಷ್ಟ. ಎಬ್ಬಿಸೋಣು."

ಆ ಪಿಕಪ್ಪಿನ ಮೂತಿ ದುಂಡಗೆ, ಕಪ್ಪಗೆ, ಅಗಲ ಹಣೆಯ ಎಮ್ಮೆಯಂತಿತ್ತು. ಊರಿಗೆ ಅಷ್ಟು ಸಾಕಾಯಿತು. ಮರುದಿನದಿಂದಲೇ ದಾರಿಯಲ್ಲಿ ಹೋಗುವವರೆಲ್ಲ ಶೆಡ್ಡಿನ ಕಡೆ ತಿರುಗಿ, "ಮಿಸ್ತ್ರಿ, ಎಮ್ಮಿ ಈದೈತೇನೋ?" ಎಂದು ಕೇಳುವರು. ಇವನು ತಲೆ ಎತ್ತದೆ, "ಗಬ್ಬ ಐತ್ರಿ, ದಿನ ತುಂಬಲಿ" ಎನ್ನುವನು. ಒಂದು ವರ್ಷವಲ್ಲ, ಐದು ವರ್ಷ ಇದೇ ಪ್ರಶ್ನೆ, ಇದೇ ಉತ್ತರ. ಯಾರ ಮೇಲೂ ಸಿಟ್ಟಾದವನಲ್ಲ.

ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಅದರ ಹತ್ತಿರ ಹೋಗುತ್ತಿದ್ದ. ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಧೋತರದ ತುಂಡಿಗೆ ಎಣ್ಣೆ ಸವರಿ, ಬಾಣಂತಿ ಕೂಸನ್ನು ಸುತ್ತಿದಂತೆ ಸುತ್ತಿ ಶೆಡ್ಡಿನ ಜಂತಿಗೆ ನೇತು ಹಾಕುತ್ತಿದ್ದ. ಮುಂದಿನ ಭಾಗಕ್ಕೆ ಒಂದು ಗಂಟು, ಹಿಂದಿನದಕ್ಕೆ ಎರಡು ಗಂಟು. ಆ ಗಂಟುಗಳ ಕೆಳಗೆ ತಲೆ ಬಗ್ಗಿಸಿಕೊಂಡೇ ಅವನ ಹೆಂಡತಿ ಅಡುಗೆ ಮಾಡಬೇಕು. ಅವಳ ಬಾಯಿ ಚುರುಕು.

"ನನ್ನ ಸವತಿಗೆ ಎಣ್ಣಿ ಸ್ನಾನ ಆಯ್ತೇನ್ರಿ? ನನ್ನ ತಲಿಗೆ ಹಚ್ಚಾಕ ಮನ್ಯಾಗ ಒಂದ್ ಹನಿ ಎಣ್ಣಿ ಇಲ್ಲ!"

"ನೀ ತುಕ್ಕ ಹಿಡಿಯಂಗಿಲ್ಲ, ಆಕಿ ಹಿಡೀತಾಳ" ಎನ್ನುತ್ತಿದ್ದ ಮಿಸ್ತ್ರಿ.

ನಾನು ಆ ಪಿಕಪ್ಪಿಗೆ ಹೇಗೆ ಗಂಟುಬಿದ್ದೆ ಎಂದು ಹೇಳುತ್ತೇನೆ. ನಮ್ಮ ಕಸುಬಿನಲ್ಲಿ ಗಂಡಸು ಇಕ್ಕಳದಿಂದ ಕಾದ ಕಬ್ಬಿಣ ಹಿಡಿದು ತಿರುಗಿಸುತ್ತಾನೆ, ಹೆಂಗಸು ದೊಡ್ಡ ಸುತ್ತಿಗೆ ಎತ್ತಿ ಬಡಿಯುತ್ತಾಳೆ. ಮದುವೆಯಾಗಿ ಬಂದಾಗಿನಿಂದ ನಾನು ಬಡಿದವಳೇ. ಪಿಕಪ್ಪಿನ ಭಾರ ಹೊರುವ ಕಮಾನು ಪಟ್ಟಿಗಳು ಸೊಟ್ಟಾಗಿದ್ದವು. ಅವನ್ನು ಕಾಯಿಸಿ ನೆಟ್ಟಗೆ ಮಾಡಲು ಮಿಸ್ತ್ರಿ ನಮ್ಮಲ್ಲಿಗೆ ತಂದ. ನಾನು ಸುತ್ತಿಗೆ ಎತ್ತಿದೆ. ಅವನು ಕೈ ಅಡ್ಡ ಹಿಡಿದ.

"ಯಕ್ಕಾ, ಮೊದಲ ಕೇಳ್ರಿ, ಆಮ್ಯಾಲ ಬಡೀರಿ."

"ಯಾರನ್ನ ಕೇಳಬೇಕೋ? ನಿಮ್ಮ ಮಾವಾರನ್ನೇನು?"

"ಅವರನ್ನ ಯಾಕ? ಪಟ್ಟಿಯನ್ನ ಕೇಳ್ರಿ."

ಅವನೇ ಸಣ್ಣ ಸುತ್ತಿಗೆಯಿಂದ ಪಟ್ಟಿಯ ಉದ್ದಕ್ಕೂ ಟಿಣ್ ಟಿಣ್ ಎಂದು ತಟ್ಟುತ್ತಾ ಹೋದ. ಒಂದು ಕಡೆ ಸದ್ದು ಮಂಕಾಯಿತು. ಅಲ್ಲಿ ಕೂದಲೆಳೆಯಷ್ಟು ಬಿರುಕು! ಅಷ್ಟು ವರ್ಷ ಕಬ್ಬಿಣ ಬಡಿದವಳಿಗೆ ಕಬ್ಬಿಣ ಮಾತಾಡುತ್ತದೆ ಎಂದು ಅವತ್ತು ಗೊತ್ತಾಯಿತು. ಅದಾದ ಮೇಲೆ ಕುಲುಮೆಯ ಕೆಲಸ ಕಡಿಮೆ ಇದ್ದಾಗಲೆಲ್ಲ ನಾನು ಅವನ ಶೆಡ್ಡಿನಲ್ಲೇ. "ನಿಮ್ಮಕ್ಕನ ಅಡಿಗೀನೂ ಅಲ್ಲೇ ಮಾಡಿಸಿಬಿಡಪಾ" ಎಂದು ನಮ್ಮ ಯಜಮಾನರು ಮುಖ ಸಿಂಡರಿಸುತ್ತಿದ್ದರು. ಆಮೇಲೆ ತಾವೂ ಬಂದು ನಿಲ್ಲುತ್ತಿದ್ದರು.

ಇಂಜಿನ್ನು ಕೂತಿತು. ಹಿಂದಿನ ಹಲಗೆ ಹೊಸದಾಯಿತು. ಐದನೆಯ ವರ್ಷ ಎಲ್ಲ ಸರಿಯಾಗುತ್ತಿದೆ ಎನ್ನುವಾಗ ಒಂದು ಮುಂಜಾನೆ ಮಿಸ್ತ್ರಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಸತ್ತವು. ಮಾತು ಉಳಿಯಿತು, ನಿಧಾನವಾಯಿತು ಅಷ್ಟೆ. ಬಬಲೇಶ್ವರದಿಂದ ತಮ್ಮ ಬಂದ. ಬೆಳ್ಳಗೆ ಒಗೆದ ಧೋತರ, ಗಟ್ಟಿ ಧ್ವನಿಯ ಒಕ್ಕಲಿಗ. ಅಣ್ಣನ ಕಾಲ ಬಳಿ ಕೂತವನು ಪಿಕಪ್ಪಿನ ಕಡೆಗೇ ನೋಡುತ್ತಾ ಹೇಳಿದ.

"ಅಣ್ಣಾ, ಈ ಕಬ್ಬಿಣಾ ನಿನ್ನ ತಿಂತು. ಇದನ್ನ ಗುಜರಿಯವಗ ಕೊಟ್ಟು ಊರಿಗೆ ನಡಿ. ನಾ ನೋಡ್ಕೋತೇನಿ."

"ಇದು ಎದ್ದ ದಿನ ನಾನ ಇದರಾಗ ಕುಂತ ನಿನ್ನ ಬಾಗಿಲಿಗೆ ಬರ್ತೇನಿ" ಎಂದ ಮಿಸ್ತ್ರಿ.

"ಹಂಗಾದ್ರ ನೀ ಬರಂಗಿಲ್ಲ ಬಿಡು" ಎಂದು ತಮ್ಮ ಎದ್ದು ಹೋದವನು ಮತ್ತೆ ಎರಡು ವರ್ಷ ಈ ಕಡೆ ತಲೆ ಹಾಕಲಿಲ್ಲ. ಅಣ್ಣ ತಮ್ಮಂದಿರ ಮಾತು ನಿಂತುಹೋಯಿತು.

ಅದಾಗಿ ಎಂಟು ದಿನಕ್ಕೆ ಮಿಸ್ತ್ರಿ ನಮ್ಮೆಲ್ಲರನ್ನೂ ಕರೆಸಿದ. ಶೆಡ್ಡಿನ ಮುಂದಿನ ಬೇವಿನ ಮರದ ನೆರಳಿಗೆ ಹೊರಸು ಹಾಕಿಸಿಕೊಂಡು ಮಲಗಿದ್ದ. ಮಗ್ಗುಲಲ್ಲಿ ಚರ್ಮದ ಚೀಲ, ಅದರಲ್ಲಿ ಅವನ ಪಾನಾಗಳು. ನಟ್ಟು ಬೋಲ್ಟು ತಿರುಗಿಸುವ ಆ ಸಲಕರಣೆಗಳನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಎಡಗೈಯಿಂದ ಚೀಲ ಎತ್ತಿ ಹಿಡಿದ. ನಮ್ಮ ಯಜಮಾನರು ಕೈ ಚಾಚಿದರು. ನನ್ನ ಮಗ ಮಾನಪ್ಪ ಬಿಜ್ಜರಗಿಯ ಒಬ್ಬ ದೊಡ್ಡ ರೈತನ ಟ್ರ್ಯಾಕ್ಟರು ನಡೆಸುವವನು, ಅವನೂ ಒಂದು ಹೆಜ್ಜೆ ಮುಂದೆ ಬಂದ. ಮಿಸ್ತ್ರಿ ಇಬ್ಬರಿಗೂ ಕೊಡಲಿಲ್ಲ.

"ಯಕ್ಕಾ, ಹಿಡೀರಿ."

"ಕುಲುಮಿ ಯಜಮಾನ ನಾನು, ಪಾನಾ ಆಕಿಗೇನು?" ಎಂದರು ಇವರು.

"ಮಾವಾರ, ಸಿಟ್ಟಾಗಬ್ಯಾಡ್ರಿ. ನೀವು ಹಿಡೀತೀರಿ, ಯಕ್ಕ ಬಡೀತಾಳ. ಎಲ್ಲಿ ನಿಲ್ಲಸಬೇಕು ಅನ್ನೂದು ಬಡಿಯವರಿಗೆ ಗೊತ್ತಿರತೈತಿ."

ಒಬ್ಬ ಗಂಡಸು ನಾಲ್ಕು ಜನರ ಎದುರಿಗೆ ನನ್ನ ಕೈಗೆ ಒಂದು ಕೆಲಸ ಇಟ್ಟದ್ದು ಅದೇ ಮೊದಲು. ಎರಡೂ ಕೈಯಿಂದ ಚೀಲ ಎದೆಗೆ ಒತ್ತಿಕೊಂಡೆ. ಚೀಲ ಭಾರವಿತ್ತು ಎಂದು ಎಲ್ಲರಿಗೂ ಹೇಳಿದೆ.

ಅವತ್ತಿನಿಂದ ಅವನ ಬಾಯಿ, ನನ್ನ ಕೈ. ಹೊರಸಿನ ಮೇಲಿಂದ ಅವನು ಹೇಳುವನು, ನಾನು ಪಿಕಪ್ಪಿನ ಅಡಿಯಲ್ಲಿ ಅಂಗಾತ ಮಲಗಿ ತಿರುಗಿಸುವೆನು. ಸೀರೆಯ ಮೇಲೆ ಕರೀ ಎಣ್ಣೆಯ ಕಲೆ. ದಾರಿಯವರಿಗೆ ಹೊಸ ತಮಾಷೆ: "ಏನಬೇ, ಸೂಲಗಿತ್ತಿ ಆದಿ ಏನು?" ನಾನು ಅಡಿಯಿಂದಲೇ ಕೂಗುವೆನು: "ಹೌದೋ, ನಿನ್ನ ಹೆಂಡತೀನ್ನೂ ಕಳಸು!"

ಈಗ ನನ್ನ ತಪ್ಪಿನ ಮಾತು ಹೇಳಬೇಕು. ಹೇಳದೆ ಬಿಟ್ಟರೆ ಮಿಸ್ತ್ರಿ ಎಂಥವನು ಎಂದು ನಿಮಗೆ ಗೊತ್ತಾಗುವುದಿಲ್ಲ.

ಪಿಕಪ್ಪಿನ ಹಿಂದಿನ ಗಾಲಿಯ ಆಕ್ಸಲ್ ಮೇಲೆ ಒಂದು ಉಕ್ಕಿನ ಕಡಗ ಕೂರಬೇಕು. ನಮ್ಮದು ಒಂದು ಕಡೆಯದು ಕಳೆದುಹೋಗಿತ್ತು. ಕಡಗದ ಬಾಯಿ ಆಕ್ಸಲ್‌ಗಿಂತ ಕೂದಲೆಳೆಯಷ್ಟು ಸಣ್ಣದಿರುತ್ತದೆ. ಕಾಯಿಸಿದರೆ ಹಿಗ್ಗುತ್ತದೆ, ಆಗ ಏರಿಸಬೇಕು. ಆರಿದ ಮೇಲೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅದು ಕಚ್ಚದಿದ್ದರೆ ಗಾಲಿ ಆಕ್ಸಲ್ ಸಮೇತ ಕಳಚಿ ರಸ್ತೆಗೆ ಬರುತ್ತದೆ. ಮಿಸ್ತ್ರಿ ಇದನ್ನು ವಿವರಿಸುತ್ತಿದ್ದರೆ ನನಗೆ ನಗು.

"ಇಷ್ಟ ಹೌದಲ್ಲೋ? ಇದು ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಏರಿಸಿದಂಗ. ನಾ ಏರಿಸಿದ ಹಳಿ ಎಣಿಸಿದ್ರ ಇಲ್ಲಿಂದ ಅರಕೇರಿ ಮುಟ್ಟತಾವು."

ಬಿಜಾಪುರದ ಲೇಥಿನವನು ಕಡಗ ಕೊರೆದು ಕಳಿಸಿದ. ನಾನು ಕುಲುಮೆಯಲ್ಲಿಟ್ಟೆ. ಯಜಮಾನರು ತಿದಿ ಒತ್ತಿದರು. ಹಳಿ ಕಾಯಿಸಿದಂತೆಯೇ ಕೆಂಪು ಮಾಡಿದೆ, ಹಳಿ ಏರಿಸಿದಂತೆಯೇ ಏರಿಸಿದೆ, ಸರ್ರನೆ ಹೋಗಿ ಜಾಗದಲ್ಲಿ ಕೂತಿತು. ನನಗೆ ಹಿಗ್ಗೋ ಹಿಗ್ಗು! ಮಿಸ್ತ್ರಿ ಹೊರಸಿನಿಂದ "ಯಕ್ಕಾ!" ಎಂದು ಕೂಗುವುದಕ್ಕೂ ನಾನು ಕೊಡ ಎತ್ತಿ ನೀರು ಸುರುವಿದ್ದಕ್ಕೂ ಸರಿಹೋಯಿತು. ಟಣ್ ಎಂದಿತು. ಕಡಗ ಎರಡು ಹೋಳಾಗಿ ನನ್ನ ಕಾಲ ಬಳಿ ಬಿತ್ತು.

ಚಕ್ಕಡಿಯ ಗಾಲಿ ಕಟ್ಟಿಗೆಯದು. ಕಾದ ಹಳಿಗೆ ತಕ್ಷಣ ನೀರು ಹಾಕದಿದ್ದರೆ ಗಾಲಿಯೇ ಸುಟ್ಟುಹೋಗುತ್ತದೆ. ಹಳಿ ಕೂತ ಕೂಡಲೇ ಕೈ ಕೊಡಕ್ಕೆ ಹೋಗುವುದು ನನಗೆ ಉಸಿರಾಟ ಇದ್ದಂತೆ. ಆದರೆ ಇಲ್ಲಿ ಕಟ್ಟಿಗೆ ಎಲ್ಲಿದೆ? ಉಕ್ಕಿನ ಮೇಲೆ ಉಕ್ಕು. ಮೆಲ್ಲಗೆ ಕಾಯಿಸಿ, ಗಾಳಿಗೆ ತಾನೇ ಆರಲು ಬಿಡಬೇಕಾಗಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಹೊರಸಿನ ಕಡೆಯಿಂದ ಗಳಗಳ ಎಂದು ಸದ್ದು ಬಂತು. ಅಳುತ್ತಿದ್ದಾನೆ ಎಂದುಕೊಂಡು ತಿರುಗಿದರೆ ಮಿಸ್ತ್ರಿ ನಗುತ್ತಿದ್ದ! ಅರ್ಧ ಮುಖ ಮಾತ್ರ ನಗುತ್ತಿತ್ತು, ಆದರೂ ಅದು ಪೂರ್ತಿ ನಗುವೇ.

"ಸುಡಾಕ ಏನ ಇತ್ತ ಯಕ್ಕಾ ಅಲ್ಲಿ? ಯಾರ ಮನಿ ಬೆಂಕಿ ಆರಿಸಿದ್ರಿ?"

"ನಿನ್ನ ಮನೀಗೆ ನೀರ ಹಾಕಿದ್ನೆಲ್ಲೋ ತಮ್ಮಾ."

"ತಪ್ಪ ನಂದು. ಹೇಳೂದು ತಡಾ ಮಾಡಿದೆ. ಏಳ್ರಿ, ಚಾ ಕುಡಿಯೋಣು. ಇನ್ನೊಂದು ಮಾಡಸೋಣು."

ಇನ್ನೊಂದು ಮಾಡಿಸಲು ಅವನಿಗೆ ದಿನ ಸಿಗಲಿಲ್ಲ. ಜಡ್ಡು ಹೆಚ್ಚಿತು. ಹೋದ ಶ್ರಾವಣದಲ್ಲಿ ತೀರಿಕೊಂಡ. ತನ್ನ ಪಿಕಪ್ಪು ಒಂದು ಮಾರು ನಡೆದದ್ದನ್ನೂ ಅವನು ನೋಡಲಿಲ್ಲ. ನಾನು ಒಂದು ಕೊಡ ನೀರು ಸುರುವದೆ ಇದ್ದಿದ್ದರೆ ನೋಡುತ್ತಿದ್ದನೇನೋ ಎಂಬ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಯಾರಿಗೂ ಹೇಳಲಿಲ್ಲ. ಪಾನಾ ಚೀಲ ಗೂಟಕ್ಕೆ ಹಾಕಿದವಳು ತಿಂಗಳುಗಟ್ಟಲೆ ಮುಟ್ಟಲಿಲ್ಲ.

ಈ ಸಲ ದೀಪಾವಳಿ ಮುಗಿದ ಮೇಲೆ ಬಬಲೇಶ್ವರದ ತಮ್ಮ ಬಂದ. ಅತ್ತಿಗೆಗೆ ಸೀರೆ ತಂದಿದ್ದ. ಮಾತು ಮೃದುವಾಗಿತ್ತು, ಆದರೆ ಗಟ್ಟಿಯಾಗಿತ್ತು.

"ವೈನಿ, ನಿಮ್ಮ ಕೈಲೆ ಅನ್ನಾ ಉಂಡವ ನಾನು. ನೀವಿಲ್ಲಿ ಈ ತಗಡಿನ ಕೆಳಗ ಇರೂದು ನನಗ ನೋಡಾಕ ಆಗೂದಿಲ್ಲ. ಇದನ್ನ ಬಿಜಾಪುರದ ಗುಜರಿಯವಗ ಹೇಳೇನಿ. ತುಂಡ ಮಾಡಿ ಒಯ್ತಾನ."

ದಿನವೂ ಸವತಿ ಸವತಿ ಎಂದು ಬೈದವಳು, ಮಿಸ್ತ್ರಿಯ ಹೆಂಡತಿ, ಎದ್ದು ಹೋಗಿ ಆ ಪಿಕಪ್ಪಿನ ಮೂತಿಗೆ ಬೆನ್ನು ಕೊಟ್ಟು ನಿಂತಳು.

"ನನ್ನ ತುಂಡ ಮಾಡಿ ಒಯ್ಯಾಕ ಹೇಳ್ರಿ ಮೈದನಾರ."

ಅವನು ತಲೆಗೆ ಕೈ ಹಚ್ಚಿದ. ನಾನು ಏನು ಯೋಚಿಸಿದೆನೋ ನನಗೇ ಗೊತ್ತಿಲ್ಲ, ಬಾಯಿ ಮುಂದಾಯಿತು: "ಅದು ತನ್ನ ಕಾಲ ಮ್ಯಾಲ ನಿಮ್ಮ ಬಾಗಿಲಿಗೆ ಬಂದ್ರ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎಳ್ಳ ಅಮಾಸಿ ಒಳಗ. ಎತ್ತ ಹೂಡಬಾರದು, ಮಂದಿ ತಳ್ಳಬಾರದು. ಬಂತಂದ್ರ ವೈನಿ ಹೇಳಿದಂಗ. ಬರಲಿಲ್ಲ ಅಂದ್ರ ಅಮಾಸಿ ಮರುದಿನ ಗುಜರಿಯವ ಬರ್ತಾನ. ಆಗ ಯಾರೂ ಮಾತಾಡಬಾರದು."

ಮರುದಿನವೇ ಬಸ್ಸು ಹತ್ತಿ ಬಿಜಾಪುರಕ್ಕೆ ಹೋದೆ. ಲೇಥಿನವನ ಅಂಗಡಿ ಹುಡುಕಿಕೊಂಡು ಹೋಗಿ, ಸೆರಗು ಹೊದ್ದು, ತಿಕೋಟಾ ಮಿಸ್ತ್ರಿಯ ಕಡೆಯವಳು ಎಂದೆ. ಆ ಮುದುಕ ಕನ್ನಡಕ ತೆಗೆದು ನೋಡಿದ.

"ಕುಲುಮಿ ಅಕ್ಕ ನೀವೇ ಏನು? ಎಷ್ಟ ತಡಾ ಮಾಡಿ ಬಂದ್ರಿ!"

ಒಳಗೆ ಹೋಗಿ ಒಂದು ಉಕ್ಕಿನ ತುಂಡು ತಂದಿಟ್ಟ. ಯಾವುದೋ ಲಾರಿಯ ಹಳೆಯ ಆಕ್ಸಲ್ ತುಂಡು. ಮಿಸ್ತ್ರಿ ತೀರಿಕೊಳ್ಳುವ ಮೊದಲು ಒಬ್ಬ ಲಾರಿ ಡ್ರೈವರ್ ಕೈಯಲ್ಲಿ ಅದನ್ನು ಕಳಿಸಿದ್ದನಂತೆ, ಜೊತೆಗೆ ಮಾತನ್ನೂ.

"ಏನ ಹೇಳಿ ಕಳಸಿದ್ದ?" ಎಂದೆ.

"ಮೊದಲಿನ ಕಡಗಾ ಒಡೀತು, ನಾ ಅಳತಿ ತಪ್ಪ ಕೊಟ್ಟಿದ್ದೆ, ಅಂದಾನ. ಅಕ್ಕನ ಕೈ ಚಲೋ ಐತಿ, ಆಕಿ ಬಂದ ಬರ್ತಾಳ, ಬಂದಾಗ ಇದರಾಗ ಇನ್ನೊಂದು ಕೊರದ ಕೊಡು, ಅಂದಾನ. ನಾ ಅಂದೆ, ಮಿಸ್ತ್ರಿ ಅಳತಿ ತಪ್ಪೂದು ಅಂದ್ರೇನು? ಇಪ್ಪತ್ತು ವರ್ಷದಾಗ ಒಂದ್ ಸಲಾ ತಪ್ಪಿಲ್ಲ!"

ನಾನು ಆ ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತೆ. ನನ್ನ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡು ಹೋಗಿದ್ದ ನನ್ನ ತಮ್ಮ. ಅಷ್ಟೇ ಅಲ್ಲ, ನಾನು ಬಂದೇ ಬರುತ್ತೇನೆ ಎಂದು ಉಕ್ಕು ಕೂಡ ತೆಗೆದಿಟ್ಟಿದ್ದ. ನನಗೇ ಇಲ್ಲದ ಭರವಸೆ ಅವನಿಗಿತ್ತು. ಎದೆಯ ಮುಳ್ಳು ಕರಗಿತೋ, ಇನ್ನೂ ಆಳಕ್ಕೆ ಹೋಯಿತೋ, ಇವತ್ತಿಗೂ ಹೇಳಲಾರೆ. ಲೇಥಿನವನಿಗೆ ಮಾತ್ರ ನಿಜ ಹೇಳಿದೆ: ಅಳತೆ ಸರಿ ಇತ್ತು, ನೀರು ಹಾಕಿದವಳು ನಾನು. ಅವನು ನಕ್ಕು, "ಅದೂ ಗೊತ್ತಾಗಿತ್ತ ಬಿಡ್ರಿ" ಎಂದು ಯಂತ್ರ ಚಾಲೂ ಮಾಡಿದ.

ಎರಡನೆಯ ಕಡಗ ಏರಿಸುವ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಕುಲುಮೆಯ ಸುತ್ತ ಇದ್ದ ನೀರನ್ನೆಲ್ಲ ಹೊರಗೆ ಸಾಗಿಸಿದ್ದು. ಕೊಡ, ಬಾನಿ, ಕಡೆಗೆ ಕುಡಿಯುವ ನೀರಿನ ಚರಿಗೆಯನ್ನೂ ಮಿಸ್ತ್ರಿಯ ಹೆಂಡತಿ ಎತ್ತಿಕೊಂಡು ಹೋಗಿ ತನ್ನ ಶೆಡ್ಡಿನಲ್ಲಿಟ್ಟು ಬಾಗಿಲಿಗೆ ಅಡ್ಡ ಕೂತಳು. ನನ್ನ ಕೈಯನ್ನು ನಾನು ನಂಬಲಿಲ್ಲ. ಈ ಸಲ ಕೆಂಪು ಮಾಡಲಿಲ್ಲ. ಉಕ್ಕು ಮೊದಲು ಹಳದಿಯಾಯಿತು, ಆಮೇಲೆ ಕಂದು, ಆಮೇಲೆ ನವಿಲಿನ ಕುತ್ತಿಗೆಯ ನೀಲಿ. ಮಿಸ್ತ್ರಿ ಹೇಳಿದ್ದ ಬಣ್ಣ ಅದೇ. "ಈಗ!" ಎಂದೆ. ಯಜಮಾನರು ಇಕ್ಕಳದಿಂದ ಹಿಡಿದು ಏರಿಸಿದರು, ನಾನು ಮರದ ಕೊಡತಿಯಿಂದ ಎರಡು ಪೆಟ್ಟು ಕೊಟ್ಟೆ. ಕೂತಿತು.

ಕೂತ ಕೂಡಲೇ ನೋಡಿರಿ, ನನ್ನ ಬಲಗೈ ತಾನಾಗಿಯೇ ಪಕ್ಕಕ್ಕೆ ಹೋಯಿತು! ಅಲ್ಲಿ ಕೊಡವಿರಲಿಲ್ಲ. ಖಾಲಿ ನೆಲ ತಡಕಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಒಂದು ತಾಸು, ಎರಡು ತಾಸು. ಕಡಗ ಆರುತ್ತಿತ್ತು. ಯಜಮಾನರು ಬಿಸಿಗೆ ಬೆವರಿ ಹೋಗಿದ್ದರು.

"ಏ, ಒಂದ್ ಗುಟಕ ನೀರಾದ್ರೂ ಕುಡೀಲೇನು?"

"ಬ್ಯಾಡ!"

"ನಾ ಕಡಗದ ಮ್ಯಾಲ ಹಾಕಂಗಿಲ್ಲಬೇ, ಬಾಯಾಗ ಹಾಕೋತೇನಿ!"

ಬಾಗಿಲಿಗೆ ಅಡ್ಡ ಕೂತಿದ್ದ ಅವಳು ಅಷ್ಟು ತಿಂಗಳಲ್ಲಿ ಮೊದಲ ಸಲ ನಕ್ಕಳು. ಹೊತ್ತು ಇಳಿದ ಮೇಲೆ ಸುತ್ತಿಗೆಯಿಂದ ಕಡಗವನ್ನು ತಟ್ಟಿದೆ. ಗುಡಿಯ ಗಂಟೆಯಂತೆ ಒಂದೇ ಸ್ವರದಲ್ಲಿ ಟಿಣ್ ಎಂದಿತು. ಬಿರುಕಿಲ್ಲ.

ಆಮೇಲಿನ ಹದಿನೈದು ದಿನ ಜಂತಿಯ ಗಂಟುಗಳನ್ನು ಒಂದೊಂದಾಗಿ ಇಳಿಸಿ ಬಿಚ್ಚಿದೆವು. ಮಾನಪ್ಪ ಟ್ರ್ಯಾಕ್ಟರ್ ಕೆಲಸ ಮುಗಿಸಿ ಬಂದು ವೈರು, ಬ್ರೇಕು ನೋಡಿದ. ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಎನ್ನುವಾಗ, ಅಂದರೆ ನಿನ್ನೆ ಮುಂಜಾನೆ, ಪೆಟ್ರೋಲು ಹಾಕಿ ಹ್ಯಾಂಡಲ್ ತಿರುಗಿಸಿದ. ಒಂದು ಸಲ ಕೆಮ್ಮಿತು. ಎರಡು ಸಲ. ಮೂರನೆಯ ಸಲಕ್ಕೆ ಅಬ್ಬಾ! ಆ ಸದ್ದಿಗೆ ಬೇವಿನ ಮರದ ಗಿಳಿಗಳೆಲ್ಲ ಒಟ್ಟಿಗೆ ಎದ್ದವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ಸೈಕಲ್ ಬಿಟ್ಟು ಓಡಿ ಬಂದು, "ಈದೈತಿ! ಮಿಸ್ತ್ರಿ ಎಮ್ಮಿ ಈದೈತಿ!" ಎಂದು ಕೂಗಿದ. ಅವನು ಏಳು ವರ್ಷ ಕೇಳಿದ ಪ್ರಶ್ನೆಗೆ ಅವನೇ ಉತ್ತರ ಹೇಳಿದ.

ಮಾನಪ್ಪ ಸ್ಟೇರಿಂಗಿಗೆ, ಪಕ್ಕದಲ್ಲಿ ಮಿಸ್ತ್ರಿಯ ಹೆಂಡತಿ, ಅವಳ ಪಕ್ಕದಲ್ಲಿ ನಾನು. ಯಜಮಾನರು ಹಿಂದೆ ಹಲಗೆಯ ಮೇಲೆ, ರುಮಾಲು ಬಿಗಿಯಾಗಿ ಸುತ್ತಿಕೊಂಡು. ಎರಡೂ ಮಗ್ಗುಲು ಎದೆಯೆತ್ತರ ಜೋಳ, ನಡುವೆ ಗರಸಿನ ದಾರಿ. ನಿಡೋಣಿಯ ಕಡೆಯ ಹತ್ತಿ ಹೇರಿದ ಚಕ್ಕಡಿಗಳು ಎದುರಾದವು. ಎತ್ತುಗಳು ಬೆದರಿ ಹೊಲಕ್ಕೆ ನುಗ್ಗಿದರೂ ಗಾಡಿಯವರು ಬೈಯುವುದು ಮರೆತು ನಮ್ಮನ್ನೇ ನೋಡಿದರು. ಮೋಟಾರಿನ ಮುಂದಿನ ಸೀಟಿನಲ್ಲಿ ಇಬ್ಬರು ಸೆರಗು ಹೊದ್ದ ಹೆಂಗಸರು!

ಅರ್ಧ ದಾರಿಯಲ್ಲಿ ಒಂದು ಹಳ್ಳ ಬರುತ್ತದೆ. ಇಳಿದು ಮರಳು ದಾಟಿ ಕಡಿದಾದ ದಂಡೆ ಏರಬೇಕು. ಏರುವಾಗ ಹಿಂದಿನಿಂದ ಖಟ್ ಖಟ್ ಖಟ್ ಎಂದು ಸದ್ದು ಶುರುವಾಯಿತು. "ನಿಲ್ಲಸೋ! ಕಡಗಾ ಹೋತು!" ಎಂದು ಚೀರಿದೆ. ಮಾನಪ್ಪ ದಂಡೆಯ ಮೇಲೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟ. ನಾನು ಇಳಿದು ಓಡಿದೆ. ಕಡಗ ಸರಿದರೆ ಗಾಲಿ ಹೊರಗೆ ಸರಿಯುತ್ತದೆ, ಒಳಗಡೆಯ ಬ್ರೇಕಿನ ತಟ್ಟೆಗೂ ಗಾಲಿಗೂ ನಡುವೆ ಉಗುರು ಹೋಗುವುದಕ್ಕಿಂತ ಹೆಚ್ಚು ಸಂದು ಕಾಣುತ್ತದೆ. ನೆಲಕ್ಕೆ ಮಲಗಿ ಕೈ ಹಾಕಿದೆ. ಉಗುರು ಮಾತ್ರ ಹೋಯಿತು. ಮತ್ತೆ ಹಾಕಿದೆ. ಉಗುರು ಮಾತ್ರ. ಅಂಗೈ ಇಟ್ಟು ನೋಡಿದೆ, ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಕಡಗ ಕಚ್ಚಿ ಹಿಡಿದಿತ್ತು.

"ಹಂಗಾದ್ರ ಸದ್ದ ಎಲ್ಲಿಂದ ಬಂತಬೇ ಯವ್ವಾ?" ಎಂದ ಮಾನಪ್ಪ.

ಹಿಂದಿನಿಂದ ಯಜಮಾನರು ಒಂದು ತಾಮ್ರದ ತಂಬಿಗೆ ಎತ್ತಿ ತೋರಿಸಿದರು. ಮಿಸ್ತ್ರಿಯ ಹೆಂಡತಿ ಮೈದುನನ ಮನೆಗೆ ತುಪ್ಪ ಒಯ್ಯುತ್ತಿದ್ದಳು, ಅದು ಉರುಳಿ ಕಬ್ಬಿಣಕ್ಕೆ ಬಡಿಯುತ್ತಿತ್ತು.

"ಮೊದಲ ಹೇಳಬಾರದೇನ್ರಿ!"

"ಯಾರ ಕೇಳಿದ್ರು? ಕಡಗಾ ಕಡಗಾ ಅಂತ ಹೊಯ್ಕೊಂಡಿ."

ನಾಲ್ವರೂ ಆ ದಂಡೆಯ ಮೇಲೆ ಹೊಟ್ಟೆ ಹಿಡಿದು ನಕ್ಕೆವು.

ಬಬಲೇಶ್ವರದಲ್ಲಿ ಮಿಸ್ತ್ರಿಯ ತಮ್ಮನ ಮನೆಯ ಬಾಗಿಲಿಗೆ ಹೋಗಿ ನಿಂತೆವು. ಮೇವು ಒಟ್ಟುತ್ತಿದ್ದ ತಮ್ಮ ಬಣವೆಯ ಮೇಲಿನಿಂದಲೇ ನೋಡಿದ. ಇಳಿದು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಮುಂದೆ ಬಗ್ಗಿ, ಎತ್ತು ಹೂಡಿದ್ದರೆ ಹಗ್ಗದ ಗುರುತು ಇರಬೇಕಲ್ಲ ಎಂದು ಬಂಪರನ್ನು ಬೆರಳಿನಿಂದ ತಡವಿ ನೋಡಿದ! ಹಿಂದೆ ಹೋಗಿ, ತಳ್ಳಿದವರ ಅಂಗೈ ಗುರುತು ಧೂಳಿನಲ್ಲಿದೆಯೇ ಎಂದು ನೋಡಿದ. ಧೂಳು ಹಾಗೆಯೇ ಇತ್ತು. ಆಮೇಲೆ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತುಕೊಂಡ. ಇಂಜಿನ್ನು ನಡೆಯುತ್ತಲೇ ಇತ್ತು, ಅವನ ಕೈಗಳು ಅದರ ಜೊತೆ ಅದುರುತ್ತಿದ್ದವು.

"ನಮ್ಮಣ್ಣ ಬರ್ತೇನಿ ಅಂದಿದ್ದ" ಎಂದ ಕಡೆಗೆ. "ನೀ ಬರಂಗಿಲ್ಲ ಬಿಡು ಅಂದಿದ್ದೆ ನಾ."

ಮಿಸ್ತ್ರಿಯ ಹೆಂಡತಿ ಇಳಿದು ಹೋಗಿ ತುಪ್ಪದ ತಂಬಿಗೆ ಅವನ ಕೈಗಿತ್ತಳು. "ಮೈದನಾರ, ನಾ ತಿಕೋಟಾದಾಗ ಇರ್ತೇನಿ. ಮಾನಪ್ಪ ಗಾಡಿ ಹೊಡೀತಾನ. ಬಿಜ್ಜರಗಿಯವರು ದ್ರಾಕ್ಷಿ ಬಿಜಾಪುರಕ್ಕ ಒಯ್ಯಾಕ ಈಗಾಗಲೇ ಕೇಳಾಕತ್ತಾರ."

"ನೀವು ಹೇಳಿದಂಗ ವೈನಿ" ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿ, "ನಾನೂ ಕುಂದರಲೇನ್ರಿ ಇದರಾಗ?" ಎಂದು ಕೇಳಿದ. ಒಂದು ಹೊರೆ ಹಸಿ ಕಡಲೆಗಿಡ ಎತ್ತಿ ಹಾಕಿ, ಹೆಂಡತಿ ಮಕ್ಕಳನ್ನೂ ಹತ್ತಿಸಿಕೊಂಡು, ಹಲಗೆಯ ಮೇಲೆ ನಮ್ಮ ಯಜಮಾನರ ಪಕ್ಕ ಕೂತು ತಿಕೋಟಾಕ್ಕೆ ಬಂದ.

ಸಂಜೆ ಊಟಕ್ಕೆ ನಮ್ಮ ಪಡಸಾಲೆ ಸಾಲಲಿಲ್ಲ. ಸೊಸೆ ಗೋದಿ ಹುಗ್ಗಿ ಮಾಡಿದ್ದಳು, ಜೋಳದ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಮ್ಮ ಮೂರು ಮೊಮ್ಮಕ್ಕಳು, ಅವನ ಮಕ್ಕಳು, ನಾವೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಅವನು ಒಂದು ತುತ್ತು ಬಾಯಿಗಿಟ್ಟವನು ನಿಲ್ಲಿಸಿ ಕೇಳಿದ.

"ನಮ್ಮಣ್ಣ ಇಲ್ಲಿ ಹ್ಯಾಂಗ ಇದ್ದ?"

ಕೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಬದನೆಕಾಯಿ ಕಂಡರೆ ಓಡುತ್ತಿದ್ದ ಎಂದು ಸೊಸೆ, ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಬೆಲ್ಲ ಹಾಕಿಸಿಕೊಂಡು ಉಣ್ಣುತ್ತಿದ್ದ ಎಂದು ಮಿಸ್ತ್ರಿಯ ಹೆಂಡತಿ, ಚೌಕಾಬಾರಾ ಆಟದಲ್ಲಿ ಮೋಸ ಮಾಡುತ್ತಿದ್ದ ಎಂದು ನಮ್ಮ ಯಜಮಾನರು. "ಸಣ್ಣಾವಿದ್ದಾಗೂ ಮಾಡ್ತಿದ್ದ!" ಎಂದು ತೊಡೆ ತಟ್ಟಿ ನಕ್ಕ ತಮ್ಮ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯುವರು. ಅವನು ಕೇಳುತ್ತಾ ಕೇಳುತ್ತಾ ಒಂದು ರೊಟ್ಟಿ, ಇನ್ನೊಂದು ರೊಟ್ಟಿ, ಮತ್ತೊಂದು. ಬುಟ್ಟಿ ಖಾಲಿಯಾಯಿತು, ಮಾತು ಮುಗಿಯಲಿಲ್ಲ.

ನಾನು ಎದ್ದು ಮತ್ತೆ ಒಲೆ ಹೊತ್ತಿಸಿದೆ. ಮಿಸ್ತ್ರಿಯ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ನಾನು ತಟ್ಟಿದೆ, ಅವಳು ಬೇಯಿಸಿದಳು; ಅವರಿಗೊಂದು ಕಳಿಸುತ್ತಾ ನಮಗೊಂದು ಮುರಿದುಕೊಳ್ಳುತ್ತಾ, ಇಬ್ಬರೂ ಒಲೆಯ ಮುಂದೆ ಒಂದೇ ತಾಟಿನಲ್ಲಿ ಉಂಡೆವು.